ಅಡ್ಡ ಬೆಳೆದ ಕ್ರಿಸ್‌ಮಸ್ ಗಿಡ

ದೊಡ್ಡ ವಿಷಯಗಳಲ್ಲಿ ನನಗೆ ಹೊಟ್ಟೆಕಿಚ್ಚಿಲ್ಲ. ನನ್ನ ಜೊತೆ ಓದಿದವನೊಬ್ಬ ತಹಶೀಲ್ದಾರನಾಗಿ ಜೀಪಿನಲ್ಲಿ ಎದುರಾದಾಗ ಸಂತೋಷದಿಂದಲೇ ಕೈ ಬೀಸಿದ್ದೇನೆ. ಆದರೆ ಪಕ್ಕದ ಮನೆಯ ಬದನೆ ನಮ್ಮದಕ್ಕಿಂತ ಎರಡು ದಿನ ಮೊದಲು ಹೂ ಬಿಟ್ಟರೆ ಅವತ್ತು ನನಗೆ ಊಟ ರುಚಿಸುವುದಿಲ್ಲ. ಇಂಥ ನನ್ನ ಪಕ್ಕದಲ್ಲೇ, ಎಪ್ಪತ್ತರ ದಶಕದ ಕೊನೆಯಲ್ಲಿ, ನಾನು ಹೊಸನಗರದಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಾಗಿದ್ದಾಗ, ತೀರ್ಥಹಳ್ಳಿ ಕಡೆಯ ದೇವಪ್ಪಗೌಡರು ಮನೆ ಕಟ್ಟಿಸಿಕೊಂಡು ಬಂದು ಅಂಗಳದಲ್ಲೊಂದು ಕ್ರಿಸ್‌ಮಸ್ ಗಿಡ ನೆಟ್ಟರು.

ಆ ಗಿಡ ಸಾರಿಗೂ ಬಾರದು, ಪೂಜೆಗೂ ಬಾರದು. ಕೊಡೆಯ ಮೇಲೆ ಕೊಡೆ ಬಿಚ್ಚಿಟ್ಟ ಹಾಗೆ ಒಂದೊಂದು ಸುತ್ತಿನಲ್ಲೂ ಐದೈದು ರೆಂಬೆ ಚಾಚಿಕೊಂಡು ಸುಮ್ಮನೆ ನೆಟ್ಟಗೆ ನಿಂತಿರುತ್ತದೆ, ಅಷ್ಟೆ. ನಮ್ಮ ಮನೆ ಮುಂದೆ ಏಳು ಬಣ್ಣದ ಡೇರೆ ಹೂ ಇದ್ದವು. ಅವುಗಳತ್ತ ಒಬ್ಬರೂ ತಿರುಗಿ ನೋಡಲಿಲ್ಲ. ಅದುವರೆಗೆ 'ವಿಜ್ಞಾನ ಮೇಷ್ಟ್ರ ಮನೆ' ಎನಿಸಿಕೊಂಡಿದ್ದ ನನ್ನ ಮನೆ ಎರಡೇ ವರ್ಷದಲ್ಲಿ 'ಕ್ರಿಸ್‌ಮಸ್ ಗಿಡದ ಪಕ್ಕದ ಮನೆ'ಯಾಯಿತು. ಸಾಗರದಿಂದ ನನ್ನನ್ನು ನೋಡಲೆಂದೇ ಬಂದ ಹಳೆಯ ಗೆಳೆಯನಿಗೂ ಬಸ್ ಸ್ಟ್ಯಾಂಡಿನಲ್ಲಿ ಹೀಗೇ ದಾರಿ ಹೇಳಿದರಂತೆ. ಅವನು ಮೊದಲು ಗಿಡ ನೋಡಿ, ಗೌಡರ ಮನೆಯಲ್ಲಿ ಕಾಫಿ ಕುಡಿದು, ಆಮೇಲೆ ನಮ್ಮ ಮನೆಗೆ ಬಂದ. ಹೊಟ್ಟೆ ಉರಿದುಹೋಯಿತು.

ನಮ್ಮ ಕಡೆ ಗಿಡ ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ನೆಂಟರ ಮನೆಗೆ ಹೋದ ಹೆಂಗಸರು ಬಾಳೆಲೆಯಲ್ಲಿ ಸುತ್ತಿದ ನಾಲ್ಕು ಗೆಲ್ಲು ಹಿಡಿಯದೆ ವಾಪಸು ಬಂದದ್ದೇ ಇಲ್ಲ. ಆದರೆ ಕೇಳಿದರೆ ಅವರ ಗಿಡ ಚೆಂದ ಎಂದು ನಾನೇ ಒಪ್ಪಿಕೊಂಡ ಹಾಗಾಯಿತಲ್ಲ! ಜೊತೆಗೆ, ಕದ್ದು ತಂದ ಗಿಡ ಚೆನ್ನಾಗಿ ಹತ್ತುತ್ತದೆ ಎಂಬ ಮಾತೂ ನಮ್ಮಲ್ಲಿದೆ. ತರಗತಿಯಲ್ಲಿ ಮೂಢನಂಬಿಕೆಗಳ ಮೇಲೆ ಹರಿಹಾಯುವ ನಾನು ಇದೊಂದನ್ನು ಮಾತ್ರ ನಂಬುವುದೆಂದು ತೀರ್ಮಾನಿಸಿದೆ. ಗೌಡರು ಸಂಸಾರ ಸಮೇತ ಮದುವೆಗೆ ಹೊರಟಾಗ, ಗಿಡಕ್ಕೆ ನೀರು ಹಾಕಿ ಎಂದು ಗೇಟಿನ ಬೀಗದಕೈಯನ್ನು ನನ್ನ ಕೈಗೇ ಕೊಟ್ಟು ಹೋದರು. ನೀರು ಹಾಕಿದೆ. ಕೆಳಗಿನ ಸುತ್ತಿನಲ್ಲಿ ಒಂದು ರೆಂಬೆಯ ತುದಿಯನ್ನೂ ಕತ್ತರಿಸಿದೆ.

ಕೇಳಿದರೆ ಗೌಡರು ಬೇಡ ಅನ್ನುತ್ತಿದ್ದರೇ ಎಂದು ನನ್ನ ಹೆಂಡತಿ ಸರೋಜ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದಳು. ಮದುವೆ ಮುಗಿಸಿ ಬಂದ ಗೌಡರು ರೆಂಬೆ ನೋಡಿ, ದನ ಬಾಯಿ ಹಾಕಿರಬೇಕು ಎಂದರು. ನಾನು ಬೀಡಾಡಿ ದನಗಳ ಉಪಟಳದ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಬೀಗ ಹಾಕಿದ ಗೇಟನ್ನು ದನ ಹೇಗೆ ದಾಟಿತೆಂದು ಅವರೂ ಕೇಳಲಿಲ್ಲ, ನಾನೂ ನೆನಪಿಸಲಿಲ್ಲ.

ಹಿತ್ತಲ ಡಬ್ಬದಲ್ಲಿ ನೆಟ್ಟ ಆ ತುಂಡು ಒಂದಿಡೀ ಮಳೆಗಾಲ ಸತ್ತಿತೋ ಬದುಕಿತೋ ತಿಳಿಯದಂತಿದ್ದು, ಕೊನೆಗೆ ಚಿಗುರಿತು. ಬೆಂಗಳೂರಿನಿಂದ ತರಿಸಿದ್ದೆಂದು ಊರಿಗೆಲ್ಲ ಹೇಳಿ ಅಂಗಳದ ಬೇಲಿ ಪಕ್ಕ ನೆಟ್ಟೆ. ಬೆಳೆಯಿತು, ಆದರೆ ಅಡ್ಡಡ್ಡ. ಬೆಳಕಿನ ಕಡೆಗೆ ವಾಲುವುದು ಸಸ್ಯಗಳ ಗುಣ ಎಂದು ಪಾಠ ಮಾಡಿದವನಲ್ಲವೇ, ನೆರಳು ಬೀಳಿಸುತ್ತಿದ್ದ ಪೇರಲೆ ಮರವನ್ನೇ ಕಡಿಸಿದೆ. ಅಡಿಕೆ ದಬ್ಬೆ ಊರಿ ಹಗ್ಗದಿಂದ ಬಿಗಿದು ಆರು ತಿಂಗಳು ಎತ್ತಿ ನಿಲ್ಲಿಸಿದೆ. ಹಗ್ಗ ಬಿಚ್ಚಿದ ಮೇಲೆ ಬಂದ ಹೊಸ ಚಿಗುರು ಮತ್ತೆ ಅಡ್ಡಕ್ಕೇ ಹೊರಟಿತು. ವರ್ಷ ಕಳೆದಂತೆ ಬೇಲಿಯ ದಾಸವಾಳದ ನಡುವೆ ತೂರಿ, ತುದಿಯನ್ನು ಗೌಡರ ಅಂಗಳದಲ್ಲಿ ಇಟ್ಟೇಬಿಟ್ಟಿತು.

ಒಂದು ಬೆಳಿಗ್ಗೆ ಗೌಡರು ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು.

"ಮೇಷ್ಟ್ರೇ, ಅವತ್ತು ನಮ್ಮ ಗಿಡ ತಿಂದ ದನ ಚೆನ್ನಾಗೇ ಬೇರು ಹಿಡ್ಸಿದೆ" ಎಂದರು.

ಅವರೇ ಮುಂದುವರಿಸಿದರು. "ಪಕ್ಕದ ಗೆಲ್ಲು ನೆಟ್ರೆ ಅದು ಸಾಯೋವರೆಗೂ ಪಕ್ಕಕ್ಕೇ ಹೋಗ್ತದೆ. ನೆಟ್ಟಗೆ ಬರ್ಬೇಕು ಅಂದ್ರೆ ನೆತ್ತಿನೇ ಕಡಿದು ನೆಡ್ಬೇಕು. ಬೇಕಾದ್ರೆ ಈಗ್ಲೂ ನೆತ್ತಿ ಕೊಡ್ತೀನಿ, ತಗೊಳಿ."

ಸಜ್ಜನನಾದವನು ಆಗಲೇ ಬೇಡ ಎನ್ನುತ್ತಿದ್ದ. ನನ್ನ ಕಣ್ಣ ಮುಂದೆ ಮಾತ್ರ ನೆತ್ತಿ ಕಳೆದುಕೊಂಡ ಗೌಡರ ಬೋಳು ಗಿಡ ಬಂದು ನಿಂತಿತು. ಎಷ್ಟು ಚೆನ್ನಾಗಿತ್ತು ಅದು! ಬಾಯಿ ತೆರೆಯುವಷ್ಟರಲ್ಲಿ ಜಗಲಿಯಿಂದ ಸರೋಜ, "ಬೇಡ ಗೌಡ್ರೇ, ಇವರಿಗೆ ಇದೇ ಸಾಕು" ಎಂದಳು. ನಾನೂ ತಲೆಯಾಡಿಸಿದೆ, ಸ್ವಲ್ಪ ತಡವಾಗಿ. ಗೌಡರು ನಕ್ಕು ಎದ್ದರು. ನಾಚಿಕೆಯಾಯಿತು, ನಿಜ. ಆದರೆ ಆ ನೆತ್ತಿಯ ಆಸೆ ಹೋಗಿದೆ ಎಂದರೆ ಸುಳ್ಳಾದೀತು.

ಈಗ ನನ್ನ ಮನೆಗೂ ಸ್ವಂತ ಗುರುತೊಂದು ಸಿಕ್ಕಿದೆ. ಮೊನ್ನೆ ಬಂದ ಹೊಸ ಪೋಸ್ಟ್‌ಮ್ಯಾನಿಗೆ ಎದುರಿನ ಅಂಗಡಿಯವನು ದಾರಿ ಹೇಳುತ್ತಿದ್ದುದು ನನ್ನ ಕಿವಿಗೂ ಬಿತ್ತು: "ಮೇಷ್ಟ್ರ ಮನೆ ತಾನೆ? ಬೇಲಿ ದಾಟಿ ಗೌಡ್ರ ಅಂಗಳನೇ ನೋಡ್ತಾ ಬಗ್ಗಿಕೊಂಡಿರ್ತದಲ್ಲ, ಅಲ್ಲೇ." ಗಿಡದ ಹೆಸರನ್ನು ಅವನು ಹೇಳಲಿಲ್ಲ. ಪೋಸ್ಟ್‌ಮ್ಯಾನ್ ನೇರವಾಗಿ ನಮ್ಮ ಮನೆಗೇ ಬಂದ. ಬೇಲಿಯ ಹತ್ತಿರ ಗೌಡರ ಅಂಗಳದತ್ತ ಬಗ್ಗಿ ನಿಂತಿದ್ದ ನನ್ನ ಕೈಗೇ ಕಾಗದ ಕೊಟ್ಟ.