ಕೆರೆಯ ಸುತ್ತ ಹಸಿರು ಬಣ್ಣ

ನಕ್ಷೆಯ ಮೇಲೆ ಗೆರೆ ಎಳೆಯುವುದು ಸಲೀಸು. ಅದೇ ಗೆರೆಯನ್ನು ನೆಲದ ಮೇಲೆ ಎಳೆಯಲು ಹೋದರೆ ದಿನಕ್ಕೊಂದು ತಮಾಷೆ. ನಾನು ಬಸವಕಲ್ಯಾಣದವನು, ನಕ್ಷೆ ಮಾಡುವ ನೌಕರ. ಈಗ ನನ್ನ ಪಾಲಿಗೆ ಬಂದ ಕೆಲಸ, ಮೋರಖಂಡಿ ಕಡೆಯ ಒಂದು ಕುಡಿಯುವ ನೀರಿನ ಕೆರೆಗೆ ಕಾವಲು ಗೆರೆ ಹಾಕುವುದು. ಕೆರೆಯ ಗಡಿಯಿಂದ ಮೇಲಕ್ಕೆ ಅಳೆದು ಇಳಿಜಾರಿಗೆ ಹಸಿರು ಬಣ್ಣ ಬಳಿಯಬೇಕು. ಹಸಿರು ಬಿದ್ದಲ್ಲಿ ಮನೆ ಕಟ್ಟುವಂತಿಲ್ಲ. ನಮ್ಮ ಮನೆಯ ನಲ್ಲಿಗೂ ಅದೇ ಕೆರೆಯ ನೀರು ಬರುವುದರಿಂದ ನನಗೆ ಈ ಗೆರೆಯ ಮೇಲೆ ತುಸು ಹೆಚ್ಚೇ ಮೋಹ.

೧. ಅಣ್ಣನ ಹಳದಿ

ಹೊಸ ನಕ್ಷೆಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿದೆವು. ಊರಿಗೆ ಊರೇ ಬಂದು ತಂತಮ್ಮ ಜಾಗ ಹುಡುಕಿತು. ಕಿರಾಣಿ ಅಂಗಡಿಯವರೊಬ್ಬರು ಮುಖ ಸಣ್ಣಗೆ ಮಾಡಿಕೊಂಡು ಬಂದರು.

“ಸಾಹೇಬ್ರ, ನಮ್ಮ ತಮ್ಮನ ಜಾಗಾಕ್ಕ ಹಸಿರು, ನಂದಕ್ಕ ಹಳದಿ. ನಾ ಏನ್ ಪಾಪ ಮಾಡೀನ್ರಿ?”

ಹಳದಿಯಲ್ಲಿ ಮನೆ ಕಟ್ಟಬಹುದು, ಹಸಿರಿನಲ್ಲಿ ಆಗದು ಎಂದು ಬಿಡಿಸಿ ಹೇಳಿದೆ. ಅಣ್ಣತಮ್ಮಂದಿರಿಗೆ ಮಾತುಕತೆ ಇಲ್ಲವೆಂಬುದು ನನಗೇನು ಗೊತ್ತು?

“ಹಂಗಾರ ಬರೋಬ್ಬರಿ ಅದ ಬಿಡ್ರಿ,” ಎನ್ನುವಾಗ ಅವರ ಮುಖ ಅರಳಿತು. “ತಮ್ಮಂದು ಇನ್ನಾ ಜರಾ ಗಾಢ ಮಾಡ್ರಿ!”

೨. ಹುಮನಾಬಾದಿನವರ ಧೈರ್ಯ

ಆ ಇಳಿಜಾರಿನಲ್ಲಿ ಲೇಔಟ್ ಮಾಡುವ ಆಸೆ ಹುಮನಾಬಾದಿನ ಪ್ಲಾಟ್ ವ್ಯಾಪಾರಿಯೊಬ್ಬರದು. ತಕರಾರು ಹೇಳಲು ಬಂದವರು ದೊಡ್ಡದೊಂದು ಬಣ್ಣದ ಚಿತ್ರವನ್ನೇ ತಂದಿದ್ದರು. ಅದರಲ್ಲಿ ಕೆರೆ, ಕೆರೆಯಲ್ಲಿ ಹಂಸ. ನಮ್ಮ ಕೆರೆಯಲ್ಲಿ ಎಮ್ಮೆ ಬಿಟ್ಟರೆ ಬೇರೇನೂ ಈಜಿದ್ದನ್ನು ನಾನು ಕಂಡಿಲ್ಲ.

“ಮನಿಗಳ ಬಚ್ಚಲ ನೀರು ಎಲ್ಲಿ ಬಿಡ್ತೀರಿ?” ಎಂದೆ.

“ಇಳಿಜಾರು ಅದಲ್ರಿ, ತಾನೇ ಕೆರಿಗೆ ಹೋಗ್ತದ.”

“ಆ ನೀರು ಜನ ಕುಡೀತಾರಲ್ರಿ!”

ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಬಹಳ ಪ್ರೀತಿಯಿಂದ ಸಮಾಧಾನ ಹೇಳಿದರು. “ಫಿಕರ್ ಮಾಡಬ್ಯಾಡ್ರಿ. ನಮ್ಮ ಮನಿ ಹುಮನಾಬಾದದಾಗ ಅದ.”

೩. ಎಳ್ಳಮಾಸಿಯ ಚರಗ

ಇಳಿಜಾರಿನ ಹೊಲ ಒಬ್ಬ ಸಾವಕಾರರದು. “ನಮ್ಮ ಹೊಲ ನೀರಿನ ಅಂಚಿನ ತನಕ ಅದ,” ಎಂದು ಅವರು ಪಟ್ಟು ಹಿಡಿದರು. ಹಳೆಯ ಗಡಿಕಲ್ಲುಗಳು ಯಾವಾಗಲೋ ಮಾಯ. ಅವರ ಮಾತೇ ಗೆದ್ದರೆ ಕೆರೆಯ ಗಡಿ ಕೆಳಕ್ಕೆ ಜಾರುತ್ತದೆ, ನನ್ನ ಹಸಿರೂ ಅದರ ಹಿಂದೆಯೇ ಜಾರುತ್ತದೆ, ಮೇಲೆಲ್ಲ ಪ್ಲಾಟು. ನನಗೆ ನಿಜಕ್ಕೂ ಸಂಕಟವಾಯಿತು.

ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. “ಭಜ್ಜಿ ಉಣ್ಣಾಕ ಬರ್ರಿ ಸಾಹೇಬ್ರ, ನಮ್ಮ ಗಡಿನೂ ಕಣ್ಣಾರೆ ನೋಡ್ರಿ,” ಎಂದು ಸಾವಕಾರರೇ ಕರೆದರು. ಭಜ್ಜಿ ಎಂದರೆ ಕಾಳು, ಸೊಪ್ಪು, ತರಕಾರಿ ಕೂಡಿಸಿ ಬೇಯಿಸುವ ಆ ಹಬ್ಬದ ಪಲ್ಯ. ಅಂದು ಹೊಲದಲ್ಲಿ ಪೂಜೆ ಮಾಡಿ, ಭೂಮಿತಾಯಿಗೆ ಎಡೆ ಚೆಲ್ಲುತ್ತ ತಮ್ಮ ಹೊಲದ ಸುತ್ತ ಒಂದು ಸುತ್ತು ಬರುವುದು ನಮ್ಮ ಕಡೆಯ ರೂಢಿ. ಅದಕ್ಕೇ ಚರಗ ಚೆಲ್ಲುವುದು ಎನ್ನುತ್ತಾರೆ. ಬೇವಿನ ಮರದ ಕೆಳಗೆ ಅಕ್ಕಪಕ್ಕದ ಹೊಲದವರೂ ಕೂತಿದ್ದರು. ಸಾವಕಾರರು ಎಡೆಯ ಬುಟ್ಟಿ ಹಿಡಿದು ಮುಂದೆ, ನಾನು ಹಿಂದೆ.

ಜೋಳದ ಕೊನೆಯ ಸಾಲು ಮುಗಿಯಿತು. ಸಾವಕಾರರು ನಿಲ್ಲಲಿಲ್ಲ. ಧೋತರ ಎತ್ತಿ ಕಟ್ಟಿ ಕೆರೆಯ ಅಂಗಳಕ್ಕೇ ಇಳಿದರು. ನನ್ನ ಕಡೆ ನೋಡುತ್ತ ಚೆಲ್ಲಿದ್ದೇ ಚೆಲ್ಲಿದ್ದು. ಕೊನೆಗೆ ಒಂದು ಕಾಲು ಮೊಣಕಾಲ ತನಕ ಕೆಸರಿನಲ್ಲಿ ಹೂತಿತು.

ಮರದ ಕೆಳಗಿಂದ ಅವರ ತಾಯಿ ಎದ್ದು ನಿಂತರು. “ಏ ತಮ್ಮಾ! ಯಾರ ಹೊಲಕ್ಕ ಉಣಸಾಕತ್ತೀಯೋ? ನಮ್ಮದು ಜ್ವಾಳದ ಸಾಲಿಗೇ ಮುಗೀತು. ನಿಮ್ಮಪ್ಪ ಅಲ್ಲಿಂದ್ಲೇ ತಿರಗ್ತಿದ್ದ. ಅದು ಕೆರಿ ಜಾಗಾ!”

“ಅವ್ವಾ, ಸುಮ್ಕಿರ! ಸಾಹೇಬ್ರು ನೋಡಾಕತ್ತಾರ.”

“ಸಾಹೇಬ್ರು ಇವತ್ತೊಂದಿನ ನೋಡ್ತಾರ, ಭೂಮಿತಾಯಿ ದಿನಾ ನೋಡ್ತಾಳ. ಬಾ ಮ್ಯಾಲ, ಭಜ್ಜಿ ಆರಾಕತ್ತದ.”

ಹೊಲ ತುಂಬ ನಗು. ನಾನೇ ಕೈಕೊಟ್ಟು ಸಾವಕಾರರನ್ನು ಮೇಲಕ್ಕೆಳೆದೆ. ಚಪ್ಪಲಿ ಮಾತ್ರ ಕೆರೆಯ ಪಾಲಾಯಿತು. ಅವರು ಅವ್ವನನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಅವರಿಗೂ ನಗು ತಡೆಯಲಾಗಲಿಲ್ಲ.

“ಜ್ವಾಳದ ಸಾಲಿಗೇ ಗೆರಿ ಹಾಕ್ರಿ ಸಾಹೇಬ್ರ,” ಎಂದರು. “ನೀವು ಹಾಕಿದ್ದಕ್ಕ ಅಪೀಲ್ ಹೋಗ್ತಿದ್ದೆ. ಅವ್ವ ಹಾಕಿದ್ದಕ್ಕ ಎಲ್ಲಿಗೆ ಹೋಗ್ಲಿ?”