ಓಡಿಹೋಗಲು ಕಟ್ಟಿಟ್ಟ ಬುತ್ತಿ

ತಿನ್ನುವ ಪದಾರ್ಥ ಕೆಟ್ಟಿದೆಯೋ ಇಲ್ಲವೋ ಎಂದು ಮೂಸಿದೊಡನೆ ಹೇಳುವ ಶಕ್ತಿ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನಗೆ ಬಂದಿಲ್ಲ. ಮೊದಲ ಸಲ ಮೂಸಿದರೆ ಸರಿಯಾಗಿದೆ ಅನ್ನಿಸುತ್ತದೆ. ಎರಡನೆಯ ಸಲ ಕೆಟ್ಟಿದೆ ಅನ್ನಿಸುತ್ತದೆ. ಮೂರನೆಯ ಸಲ ನನ್ನ ಮೂಗಿನ ಮೇಲೇ ಅನುಮಾನ ಬರುತ್ತದೆ.

ದೇಶಕ್ಕೆ ಸ್ವಾತಂತ್ರ್ಯ ಬಂದಮೇಲೂ ನಮ್ಮ ಆಳಂದ ನಿಜಾಮ ಸೀಮೆಯಲ್ಲೇ ಉಳಿದಿದ್ದ ಕಾಲವದು. ಇಂದು ಗಲಾಟೆ ಬಂತು, ನಾಳೆ ಬಂತು ಎಂಬ ಸುದ್ದಿಯಲ್ಲೇ ದಿನಗಳು ಹೋಗುತ್ತಿದ್ದವು. ಸುದ್ದಿ ನಿಜವಾದರೆ ಖಜೂರಿ ದಾರಿ ಹಿಡಿದು, ಗಡಿಯಾಚೆ ನನ್ನ ಹೆಂಡತಿ ನೀಲಮ್ಮನ ಅಣ್ಣನ ಮನೆ ಸೇರುವುದೆಂದು ಗೊತ್ತುಮಾಡಿದ್ದೆವು. ಅದಕ್ಕಾಗಿ ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿಯೆಂಬ ಚಟ್ನಿಪುಡಿ, ಶೇಂಗಾ ಹೋಳಿಗೆಯ ಬುತ್ತಿ ಕಟ್ಟಿ ಜಂತಿಗೆ ತೂಗುಹಾಕಿದ್ದಳು. ಹೊರಡುವ ದಿನವೇ ಗೊತ್ತಿಲ್ಲದೆ ಬುತ್ತಿ ಕಟ್ಟುವುದು ಎಂಥ ಫಜೀತಿ ಎಂದು ಆಮೇಲೆ ತಿಳಿಯಿತು. ಹೊಸ ಸುದ್ದಿ ಬಂದಾಗಲೆಲ್ಲ ಹೊಸ ಬುತ್ತಿ ಮೇಲೇರುತ್ತಿತ್ತು. ಹಳೆಯದು ಇಳಿದು ನಮ್ಮ ತಾಟಿಗೆ ಬರುತ್ತಿತ್ತು. ಓಡುವವರಿಗೆ ತಾಜಾ, ಮನೆಯಲ್ಲಿರುವವರಿಗೆ ಹಳೆಯದು. ಇಬ್ಬರೂ ನಾವೇ.

ಒಂದು ಬೆಳಗ್ಗೆ ಹಳೆಯ ಬುತ್ತಿ ಬಿಚ್ಚಿದ ನೀಲಮ್ಮ ಮೂಗು ಮುಚ್ಚಿಕೊಂಡಳು.

“ಅತ್ತಿ, ಹೋಳಿಗಿ ಕಮಟು ನಾರಾಕತ್ತದರಿ. ತಿಪ್ಪಿಗಿ ಹಾಕ್ತೇನ್ರಿ.”

“ಶೇಂಗಾ ಹೋಳಿಗಿ ತಿಂಗಳಾದ್ರೂ ಕೆಡಂಗಿಲ್ಲ ಬೇ. ನಿನ್ನ ಮೂಗ ಭಾಳ ನಾಜೂಕ!” ಎಂದಳು ಅವ್ವ. ನನ್ನತ್ತ ತಿರುಗಿ, “ನೀ ಹೇಳಲೇ, ಸಾಲಿ ಮಾಸ್ತರ ಇದ್ದಿ” ಎಂದಳು.

ಶಾಲೆಯಲ್ಲಿ ನಾನು ಕಲಿಸುತ್ತಿದ್ದುದು ಲೆಕ್ಕ, ಹೋಳಿಗೆಯ ಆಯುಷ್ಯವಲ್ಲ. ಹೆಂಡತಿಯ ಪಕ್ಷ ಹಿಡಿದರೆ ಅವ್ವ ಊಟ ಬಿಡುತ್ತಾಳೆ, ಅವ್ವನ ಪಕ್ಷ ಹಿಡಿದರೆ ಹೆಂಡತಿ ಮಾತು ಬಿಡುತ್ತಾಳೆ. ತಿಂದು ನೋಡಿದರೆ ತಿಳಿದೀತೆಂದು ಒಂದು ಹೋಳಿಗೆ ತಿಂದೆ. ತಿಳಿಯಲಿಲ್ಲ. ಇನ್ನೊಂದು ತಿಂದೆ. ಅವ್ವ ಹಟಕ್ಕೆ ಬಿದ್ದು ತಾನೂ ಎರಡು ತಿಂದಳು.

ಮಧ್ಯಾಹ್ನ ಪಕ್ಕದ ಮನೆಯ ಶರಣಪ್ಪ ಓಡಿಬಂದ. “ಮಾಸ್ತರ್ರ, ಬಂಡಿ ಹೂಡೇನಿ. ಈ ಸಲ ಸುದ್ದಿ ಖರೇ ಅದ. ಲಗೂನ ಹೊಂಡ್ರಿ!”

ಹೊರಟೆವು. ಊರು ದಾಟುತ್ತಲೇ ನನ್ನ ಹೊಟ್ಟೆ ಮುರಿಯಿತು. ತಂಬಿಗೆ ಹಿಡಿದು ಜಾಲಿಗಿಡದ ಮರೆಗೆ ಓಡಿದೆ. ಬಂಡಿ ಮತ್ತೆ ಮತ್ತೆ ನಿಂತಿತು. ಹಿಂದೆ ದೂರದಲ್ಲಿ ಧೂಳೆದ್ದಾಗ ನೀಲಮ್ಮ, “ನಿಮ್ಮ ಕಾಲ ಬೀಳ್ತೇನಿ, ಬೇಗ ಬರ್ರಿ!” ಎಂದು ಅತ್ತೇಬಿಟ್ಟಳು. ಎದ್ದುಬರುವ ಸ್ಥಿತಿಯಲ್ಲಿ ನಾನಿರಲಿಲ್ಲ. ಧೂಳು ಹತ್ತಿರ ಬಂದಾಗ ಅದು ಕುರಿಹಿಂಡು.

“ಹೆದರಬ್ಯಾಡ್ರಿ ಮಾಸ್ತರ್ರ” ಎಂದ ಶರಣಪ್ಪ. ನನಗೆ ಹೆದರಿಕೆಯಲ್ಲ, ಹೋಳಿಗೆ ಎನ್ನೋಣವೆಂದರೆ, ಅಷ್ಟೇ ಹೋಳಿಗೆ ತಿಂದ ಅವ್ವ ಬಂಡಿಯಲ್ಲಿ ಕಲ್ಲುಗುಂಡಿನಂತೆ ಕೂತಿದ್ದಳು. ಹಾಗಾದರೆ ಹೆದರಿಕೆಯೇ? ಎದೆ ಹೊಡೆದುಕೊಳ್ಳುತ್ತಿತ್ತು, ನಿಜ. ಆದರೆ ಮೊದಲು ಕೆಟ್ಟದ್ದು ಎದೆಯೋ ಹೊಟ್ಟೆಯೋ, ನೆನಪಾಗಲೊಲ್ಲದು.

ಕತ್ತಲಾಗುವ ಮೊದಲೇ ಗಡಿ ದಾಟಿ ಮನೆ ಸೇರಿದೆವು. ನನ್ನ ಮುಖ ನೋಡಿ ನೀಲಮ್ಮನ ಅಣ್ಣ ಗಾಬರಿಯಾದ.

“ಹೋಳಿಗಿ ಕೆಟ್ಟಿತ್ತಣ್ಣ” ಎಂದಳು ನೀಲಮ್ಮ.

“ಹೋಳಿಗಿ ನೆಟ್ಟಗಿತ್ತಪ್ಪ. ಅಂವಾ ಅಂಜ್ಯಾನ” ಎಂದಳು ಅವ್ವ.

ಮನೆಮಂದಿಯೆಲ್ಲ ನನ್ನ ಬಾಯಿ ನೋಡುತ್ತ ನಿಂತರು. ಕೆಟ್ಟಿತ್ತೆಂದರೆ ಅವ್ವನ ಮಾನ ಹೋಗುತ್ತದೆ, ನೆಟ್ಟಗಿತ್ತೆಂದರೆ ನನ್ನದು. ನಾನು ಬಹಳ ಯೋಚಿಸಿ, ಹಿತ್ತಿಲಿಗೆ ದಾರಿ ಯಾವ ಕಡೆ ಎಂದು ಕೇಳಿದೆ.