ಮುಸುಕುದೊರೆಯ ಮದುವೆ

ಶನಿವಾರ ಮಧ್ಯಾಹ್ನದ ಆಟಕ್ಕೆ ಇನ್ನೊಂದೇ ಗಂಟೆ ಇರುವಾಗ ನಾಯಕನ ಗಂಟಲು ಕೈಕೊಟ್ಟಿತು. ಕ್ಲೆಗ್‌ಡೇಲ್ ಹವ್ಯಾಸಿ ಸಂಘದವರು ಆ ವರ್ಷ ಆಡುತ್ತಿದ್ದ ಸಂಗೀತನಾಟಕ 'ಮರಳುಗಾಡಿನ ಮುಸುಕುದೊರೆ'. ಹೊರಗೆ ಯಾರ್ಕ್‌ಷೈರಿನ ಜಿಟಿಜಿಟಿ ಮಳೆ. ಒಳಗೆ, ಮರಳಿನ ಬದಲು, ಕಟುಕನ ಅಂಗಡಿಯ ನೆಲಕ್ಕೆ ಹರಡಲು ಇಟ್ಟಿದ್ದನ್ನು ತಂದು ಸುರಿದ ಮರದ ಹೊಟ್ಟು.

"ಆಂಬ್ರೋಸ್, ನೀನೇ ಹೋಗ್ಬೇಕು," ಎಂದರು ವೇಷಭೂಷಣದ ಹಾರ್ಗ್ರೀವ್ಸಮ್ಮ.

ಆಂಬ್ರೋಸ್ ಅಂಚೆ ಕಚೇರಿಯ ಗುಮಾಸ್ತ. ಪರದೆಯ ಮರೆಯಲ್ಲಿ ಕೂತು, ಮಾತು ಮರೆತವರಿಗೆ ಎತ್ತಿಕೊಡುವುದು ಸಂಘದಲ್ಲಿ ಅವನು ಗುಟ್ಟಾಗಿ ಮಾಡುತ್ತಿದ್ದ ಕೆಲಸ. ಹಾಡುಗಳ ಸಮೇತ ಇಡೀ ನಾಟಕ ಬಾಯಿಪಾಠ. ಆದರೂ ಹಿಂಜರಿದ. ಜೂನ್‌ನಲ್ಲಿ ಲೆಟಿಯ ಜೊತೆ ಅವನ ಮದುವೆ. ಅವಳ ಅಪ್ಪ ಸಟ್‌ಕ್ಲಿಫ್ ಅವರು ಊರಿನ ಕಟ್ಟುನಿಟ್ಟಿನ ಪ್ರಾರ್ಥನಾಮಂದಿರದ ಹಿರಿಯರು, ನಾಟಕವೆಂದರೆ ಸೈತಾನನ ಬೀಗರಮನೆ ಎನ್ನುವವರು. ರಂಗ ಹತ್ತಿದವನಿಗೆ ಅವರು ಮಗಳನ್ನು ಕೊಡುವ ಮಾತೇ ಇಲ್ಲ.

"ಗುರುತು ಸಿಕ್ಕಿದ್ರೆ ನನ್ ಮದುವೆ ನೀರುಪಾಲು ಕಣಮ್ಮ."

"ಕೊನೇವರೆಗೂ ಮುಸುಕು ಇರುತ್ತಲ್ಲೋ. ಹೆತ್ತಮ್ಮನಿಗೂ ಗೊತ್ತಾಗಲ್ಲ. ತಲೆ ಬಗ್ಗಿಸು," ಎಂದು ಆಕೆ ಉಸಿರು ಕಟ್ಟುವಂತೆ ಮುಸುಕು ಬಿಗಿದರು.

ಅಷ್ಟರಲ್ಲಿ ಮತ್ತೊಂದು ಸುದ್ದಿ ಬಂತು: ದರೋಡೆಕೋರರ ಪಾತ್ರದ ನಾಲ್ವರು ಜ್ವರದಲ್ಲಿ ಮಲಗಿದ್ದಾರೆ. ಪಕ್ಕದೂರಿನ ಸಂಘದಿಂದ ನಾಲ್ವರನ್ನು ಎರವಲು ತರಿಸಿದರು. ಅವರು ಗಡ್ಡ ಅಂಟಿಸಿಕೊಂಡೇ ಬಸ್ಸಿಳಿದರು.

ಮೊದಲ ಅಂಕದಲ್ಲಿ ಹೊಟ್ಟಿನ ಧೂಳಿಗೆ ಆಂಬ್ರೋಸ್ ಮೂರು ಸಲ ಸೀನಿದ. ಎರಡನೆಯದರಲ್ಲಿ ನಾಯಕಿ ಮಾತು ಮರೆತರು. ಹದಿನಾಲ್ಕು ವರ್ಷದಿಂದ ಪ್ರತಿ ನಾಟಕಕ್ಕೂ ಅವರೇ ನಾಯಕಿ. ಬೇಕರಿಯ ಒಡತಿ, ಮೈಕಟ್ಟೂ ಬೇಕರಿಯದೇ. ಆಂಬ್ರೋಸ್ ಅಭ್ಯಾಸಬಲದಿಂದ ಅವರ ಮಾತನ್ನು ತಾನೇ ಪಿಸುಗುಟ್ಟಿದ. ಅವರು ಕದಲಲಿಲ್ಲ. ಗಟ್ಟಿಯಾಗಿ ಹೇಳಿದ. ಜನ ಗೊಳ್ಳೆಂದರು. ಬೇರೆ ದಾರಿ ಕಾಣದೆ ಹಾಡು ಎತ್ತಿಕೊಂಡ. ಹೆದರಿದವನ ಗಂಟಲಿನಿಂದ ಎಂಥ ಸ್ವರ ಹೊರಟಿತೆಂದರೆ ಗ್ಯಾಲರಿಯಲ್ಲಿ ಕೆಮ್ಮು ಕೂಡ ನಿಂತಿತು. ಅವನಿಗೇ ನಂಬಿಕೆಯಾಗಲಿಲ್ಲ.

ಕೊನೆಗೆ ನಾಯಕಿಯನ್ನು ಎತ್ತಿಕೊಂಡು ಮರುಭೂಮಿಗೆ ಹೋಗಬೇಕು. ಎತ್ತಿದ, ನಾಲ್ಕು ಹೆಜ್ಜೆ ಇಟ್ಟ, ಜೋಲಿ ಹೊಡೆದು ಪರದೆಯಂಚಿನಲ್ಲಿದ್ದ ದರೋಡೆಕೋರನೊಬ್ಬನಿಗೆ ಢಿಕ್ಕಿಯಾದ. ಇವನ ಮುಸುಕು ಅವನ ಗಡ್ಡಕ್ಕೆ ಸಿಕ್ಕಿ ಎರಡೂ ಕಿತ್ತು ಬಂದವು. ಪುಣ್ಯಕ್ಕೆ ಅಷ್ಟರಲ್ಲಿ ಇಬ್ಬರೂ ಪರದೆಯ ಮರೆಗೆ ಸರಿದಿದ್ದರು, ಜನರಿಗೆ ಮುಖ ಕಾಣಲಿಲ್ಲ.

ಗಡ್ಡದ ಹಿಂದೆ ಇದ್ದದ್ದು ಸಟ್‌ಕ್ಲಿಫ್.

ಪರದೆ ಬಿದ್ದ ಮೇಲೆ ಮಾವನವರು ಅವನನ್ನು ಮೂಲೆಗೆ ಎಳೆದರು. "ನಾನು ಮದ್ಯಪಾನ ವಿರೋಧಿ ಸಭೇಲಿದ್ದೆ. ನೀನು ಅಂಚೆ ಕಚೇರೀಲಿದ್ದೆ. ಬೈಬಲ್ ಆಣೆ ಇಡು, ಈ ವೇಷದ ಮಾತು ಸಾಯೋವರೆಗೂ ಯಾರ ಹತ್ರನೂ ಎತ್ತಲ್ಲ ಅಂತ."

"ಆಣೆ. ಮದುವೆ?"

"ಜೂನ್‌ನಲ್ಲೇ ಕಣಪ್ಪಾ."

ಆಂಬ್ರೋಸನಿಗೆ ಹೋದ ಜೀವ ಬಂದಂತಾಯಿತು. ಬಟ್ಟೆ ಬದಲಿಸಿ ಹಿಂಬಾಗಿಲಿಗೆ ಬಂದರೆ, ಮಳೆಯಲ್ಲಿ ಲೆಟಿ ನಿಂತಿದ್ದಳು. ಕಣ್ಣು ಒದ್ದೆಯಾಗಿತ್ತು.

"ಅಪ್ಪ ಸಭೆಗೆ ಹೋಗಿದ್ರು, ಕದ್ದು ನಾಟಕಕ್ಕೆ ಬಂದೆ. ನೀನೂ ನೋಡೋಕೆ ಬಂದಿದ್ಯಾ? ಒಳ್ಳೇದೇ ಆಯ್ತು. ಆಂಬ್ರೋಸ್, ನಿಂಗೆ ಮೋಸ ಮಾಡೋಕೆ ನನ್ನಿಂದಾಗಲ್ಲ. ಆ ಮುಸುಕಿನವನ ಹಾಡು ಕೇಳಿದ್ಮೇಲೆ ನನ್ ಮನಸ್ಸು ನನ್ ಹತ್ರ ಇಲ್ಲ. ಈ ಮದುವೆ ಬೇಡ. ಅವನು ಯಾರು ಅಂತ ನಿಂಗೇನಾದ್ರೂ ಗೊತ್ತಾ?"

ಆಂಬ್ರೋಸ್ ಬಾಯಿ ತೆರೆದ. ಅವಳ ಬೆನ್ನ ಹಿಂದೆ, ಬಸ್ಸಿಗೆ ಕಾಯುತ್ತಿದ್ದ ದರೋಡೆಕೋರರಲ್ಲಿ ಒಬ್ಬ ಸೊಟ್ಟಗೆ ಅಂಟಿಸಿಕೊಂಡ ಗಡ್ಡದ ಮೇಲೆ ಬೆರಳಿಟ್ಟು, ಕಣ್ಣಲ್ಲೇ ಆಣೆ ನೆನಪಿಸಿದ.

"ಗೊತ್ತಿಲ್ಲ," ಎಂದ ಆಂಬ್ರೋಸ್.